ಸಂತಾನಾ ಬ್ಯಾಂಡಿನ 'ಲೋಟಸ್': ತನಿ ಆವರ್ತನ ಕೇಳಿ ಬೆಳೆದವರು ಯಾರಾದರೂ ಇದನ್ನು ಪೂರ್ತಿ ಕೇಳಿದ್ದೀರಾ?

ತನಿಪ್ರಿಯ

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಒಂದೇ ಆಲ್ಬಂ ಕೇಳುತ್ತಾ ಕೂತಿದ್ದೇನೆ. ಅದರ ಬಗ್ಗೆ ಮಾತಾಡೋಕೆ ಮನೆಯಲ್ಲಿ ಯಾರೂ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಂತಾನಾ ಬ್ಯಾಂಡಿನ 'ಲೋಟಸ್'. 1973ರ ಜುಲೈ 3 ಮತ್ತು 4ರಂದು ಜಪಾನಿನ ಒಸಾಕಾದಲ್ಲಿ ನಡೆದ ಕಚೇರಿಗಳ ಧ್ವನಿಮುದ್ರಣ. ಮರುವರ್ಷ ಜಪಾನಿನಲ್ಲಿ ಮೂರು ಎಲ್‌ಪಿಗಳಾಗಿ ಬಂತು. ಒಟ್ಟು ಎರಡು ಗಂಟೆ ಹತ್ತಿರ ಹತ್ತಿರ.

ಬ್ಯಾಂಡಿನ ಗಿಟಾರ್ ವಾದಕ ಕಾರ್ಲೋಸ್ ಸಂತಾನಾ ಅಂದರೆ ನನಗೆ 1999ರ 'ಸ್ಮೂತ್' ಹಾಡು ಗೊತ್ತಿತ್ತು, 'ಬ್ಲ್ಯಾಕ್ ಮ್ಯಾಜಿಕ್ ವುಮನ್' ಗೊತ್ತಿತ್ತು. ಅಷ್ಟೇ. ಗಿಟಾರ್ ಕೇಳೋಣ ಅಂತ ಹಾಕಿದೆ. ಅರ್ಧ ಗಂಟೆ ಆಗುವಷ್ಟರಲ್ಲಿ ಗಿಟಾರ್ ಬಿಟ್ಟು ಹಿಂದೆ ಕೂತವರನ್ನೇ ಕೇಳುತ್ತಿದ್ದೆ. ಮೂವರಿದ್ದಾರೆ. ಡ್ರಮ್ ಸೆಟ್ಟಿನಲ್ಲಿ ಮೈಕಲ್ ಶ್ರೀವ್. ಕೋಲಿನಿಂದ ಹೊಡೆಯುವ ಜೋಡಿ ಡ್ರಮ್ಮು ಟಿಂಬಾಲೆಸ್‌ನಲ್ಲಿ ನಿಕರಾಗುವಾದ ಹೋಸೆ 'ಚೆಪಿಟೊ' ಆರೆಯಾಸ್. ಕೈಯಿಂದ ನುಡಿಸುವ ಕಾಂಗಾ ಮತ್ತು ಬಾಂಗೊದಲ್ಲಿ ಕ್ಯೂಬಾದ ಹವಾನಾದಲ್ಲಿ ಹುಟ್ಟಿದ ಆರ್ಮಾಂಡೊ ಪೆರಾಜಾ. ಆ ಹೊತ್ತಿಗೆ ಪೆರಾಜಾ ವಯಸ್ಸು ಐವತ್ತರ ಹತ್ತಿರ, ಶ್ರೀವ್‌ಗೆ ಇನ್ನೂ 24 ತುಂಬಿರಲಿಲ್ಲ. ಇಬ್ಬರ ನಡುವೆ ಒಂದು ತಲೆಮಾರು.

ನಾನು ಎಂಟು ವರ್ಷ ಮೃದಂಗ ಕಲಿತು ಬಿಟ್ಟವನು. ಕಚೇರಿಗೆ ಹೋದರೆ ತನಿಗೆ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗಕ್ಕೆ, ಕಾಯುವವನು. ಎಲ್ಲರೂ ಕಾಫಿಗೆ ಏಳುವಾಗ ನಾನು ಮುಂದಿನ ಸಾಲಿಗೆ ಹೋಗಿ ಕೂರುತ್ತೇನೆ. ಮೃದಂಗ ಮತ್ತು ಘಟದವರು ಒಬ್ಬರ ಮಾತನ್ನು ಒಬ್ಬರು ಎತ್ತಿಕೊಂಡು, ಚಿಕ್ಕದು ಮಾಡುತ್ತಾ ಮಾಡುತ್ತಾ ಮುಕ್ತಾಯಕ್ಕೆ ಬರುತ್ತಾರಲ್ಲ, ಆ ಖುಷಿ ನನಗೆ ಬೇರೆ ಯಾವ ಸಂಗೀತದಲ್ಲೂ ಸಿಕ್ಕಿರಲಿಲ್ಲ. ಇಲ್ಲಿ ಸಿಕ್ಕಿತು. ಹಾಗಂತ ಎರಡೂ ಒಂದೇ ಅಂತ ಹೇಳುತ್ತಿಲ್ಲ. ಲೆಕ್ಕ ಬೇರೆ, ದಾರಿ ಬೇರೆ. ಆದರೆ ಕಿವಿ ಇಡುವ ರೀತಿ ಅದೇ.

ಯಾರಾದರೂ ಕೇಳಿದ್ದೀರಾ?

ಹಳೇ_ರೆಕಾರ್ಡು

ಕೇಳಿದ್ದೇನೆ, ಇಟ್ಟುಕೊಂಡಿದ್ದೇನೆ, ನೋವೂ ತಿಂದಿದ್ದೇನೆ. ಆರು ವರ್ಷದ ಹಿಂದೆ ಹಳೇ ರೆಕಾರ್ಡ್ ಮಾರುವವರೊಬ್ಬರ ಹತ್ತಿರ ಜಪಾನಿ ಪ್ರತಿ ಸಿಕ್ಕಿತು. ಆಸೆಯಿಂದ ತಂದೆ. ಮನೆಗೆ ಬಂದು ನೋಡಿದರೆ ಮೂರನೇ ಎಲ್‌ಪಿ ಜಾಗದಲ್ಲಿ ಬೇರೆ ಯಾವುದೋ ತಟ್ಟೆ. ವಾಪಸ್ ಹೋದೆ, ಒಪ್ಪಲಿಲ್ಲ. ಹಾಗಾಗಿ ಎರಡು ವರ್ಷ ಈ ಕಚೇರಿ ನನ್ನ ಪಾಲಿಗೆ ಮೂರನೇ ಎರಡು ಭಾಗ ಮಾತ್ರ ಆಗಿತ್ತು. ಕೊನೆಗೆ ಸಿ.ಡಿ. ತರಿಸಿಕೊಂಡೆ.

ಆದರೆ ಆ ಕವರ್ ನೋಡಬೇಕು ನೀವು. ತಡನೋರಿ ಯೊಕೂ ಅನ್ನುವ ಜಪಾನಿ ಕಲಾವಿದರು ಮಾಡಿದ್ದು. ಬಿಚ್ಚುತ್ತಾ ಹೋದರೆ 22 ಭಾಗ. ನಮ್ಮ ಊಟದ ಮೇಜಿನ ಮೇಲೆ ಹರಡಿದೆ, ಸಾಲಲಿಲ್ಲ. ಕೆಳಗೆ ಚಾಪೆ ಹಾಸಿ ಹರಡಿದೆ. ಮಡಿಕೆಗಳ ಹತ್ತಿರ ಬಣ್ಣ ಸವೆದು ಬಿಳೀ ಗೆರೆ ಬಿದ್ದಿತ್ತು. ಯಾರೋ ಇದನ್ನು ಎಷ್ಟೋ ಸಲ ಬಿಚ್ಚಿ ಮಡಿಸಿದ್ದಾರೆ ಅಂತ ಅದನ್ನು ನೋಡಿದರೇ ಗೊತ್ತಾಗುತ್ತಿತ್ತು. ಮುಂದೆ 1976ರಲ್ಲಿ ಸಂತಾನಾ ಬ್ಯಾಂಡಿನ 'ಅಮಿಗೋಸ್' ಆಲ್ಬಂಗೂ ಯೊಕೂ ಅವರೇ ಕವರ್ ಮಾಡಿದರು.

ಗಿಟಾರ್_ಶಿವಮೊಗ್ಗ

ನನ್ನ ಅಭಿಪ್ರಾಯ ಬೇರೆ. ಬೇಜಾರು ಮಾಡ್ಕೋಬೇಡಿ.

ನಾನು ಇದೇ ಬ್ಯಾಂಡಿನ 'ಅಬ್ರಾಕ್ಸಸ್' (1970) ಕೇಳಿ ಗಿಟಾರ್ ಹಿಡಿದವನು. ಅದರಲ್ಲಿ ಪ್ರತಿ ಹಾಡಿಗೂ ಒಂದು ರೂಪ ಇದೆ. 'ಇನ್ಸಿಡೆಂಟ್ ಅಟ್ ನೆಶಾಬುರ್' ಅಲ್ಲಿ ಐದು ನಿಮಿಷ. ಚೊಕ್ಕವಾಗಿ ಮುಗಿಯುತ್ತೆ. 'ಲೋಟಸ್'ನಲ್ಲಿ ಅದೇ ಹಾಡು ಹದಿನೈದು ನಿಮಿಷ! ಮಧ್ಯದಲ್ಲಿ ಹಾಡು ಎಲ್ಲಿಗೆ ಹೋಯಿತು ಅಂತ ಹುಡುಕಬೇಕು. ಗ್ರೆಗ್ ರೋಲಿ ಹಾಡುತ್ತಿದ್ದ ಧ್ವನಿಯೂ ಇಲ್ಲ. ಅವರು ಮತ್ತು ಇನ್ನೊಬ್ಬ ಗಿಟಾರ್ ವಾದಕ ನೀಲ್ ಶಾನ್ ಅಷ್ಟು ಹೊತ್ತಿಗೆ ಬ್ಯಾಂಡ್ ಬಿಟ್ಟು ಹೋಗಿ 'ಜರ್ನಿ' ಅನ್ನುವ ಬ್ಯಾಂಡ್ ಕಟ್ಟುತ್ತಿದ್ದರು. ಬಂದ ಲಿಯಾನ್ ಥಾಮಸ್ ಒಳ್ಳೇ ಜಾಝ್ ಹಾಡುಗಾರ, ಇಲ್ಲ ಅನ್ನಲ್ಲ. ಆದರೆ 'ಬ್ಲ್ಯಾಕ್ ಮ್ಯಾಜಿಕ್ ವುಮನ್' ಅವರ ಗಂಟಲಿಗೆ ಕೂರುವುದಿಲ್ಲ. ಎರಡು ಸಲ ಶುರು ಮಾಡಿ ಎರಡು ಸಲವೂ ನಿಲ್ಲಿಸಿದ್ದೇನೆ.

ಕರಾವಳಿ_ಜಾಝ್

ಗಿಟಾರ್ ಅವರೇ, ಲಿಯಾನ್ ಥಾಮಸ್ ವಿಷಯ ನಾನು ಒಪ್ಪುತ್ತೇನೆ, ಆ ಒಂದು ಹಾಡಿನ ಮಟ್ಟಿಗೆ. ಅವರ ನಿಜವಾದ ಕೆಲಸ ಕೇಳಬೇಕು ಅಂದರೆ ಜಾಝ್ ಸ್ಯಾಕ್ಸೊಫೋನ್ ವಾದಕ ಫರೋವಾ ಸ್ಯಾಂಡರ್ಸ್ ಅವರ 'ಕರ್ಮ' (1969) ಕೇಳಿ. ಅಲ್ಲಿ ಗಂಟಲನ್ನು ನಡುಗಿಸಿ ಮೇಲೆ ಕೆಳಗೆ ಹಾರಿಸುವ ಆ ಕೂಗು ಹಾಡಿನ ಜೀವ. ಇಲ್ಲಿ ಅವರಿಗೆ ಜಾಗವೇ ಕಡಿಮೆ ಸಿಕ್ಕಿತು.

ಆದರೆ ಹಾಡು ಎಲ್ಲಿ ಹೋಯಿತು ಅಂದಿರಲ್ಲ, ಆ ವರ್ಷ ಬ್ಯಾಂಡಿಗೆ ಏನಾಗಿತ್ತು ಅಂತ ನೋಡಿದರೆ ಅದು ಅರ್ಥ ಆಗುತ್ತದೆ. ಸಂತಾನಾ ಹುಟ್ಟಿದ್ದು ಮೆಕ್ಸಿಕೋದ ಔಟ್ಲಾನ್ ಎಂಬ ಊರಿನಲ್ಲಿ, 1947ರಲ್ಲಿ. ಅಪ್ಪ ಮರಿಯಾಚಿ ಮೇಳದಲ್ಲಿ ಪಿಟೀಲು ನುಡಿಸುತ್ತಿದ್ದವರು. ಗಡಿ ಊರು ತಿಹುವಾನಾದಲ್ಲಿ ಬೆಳೆದು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಹುಡುಗ. ಬ್ಲೂಸ್ ಗಿಟಾರ್ ಜೊತೆ ಕಾಂಗಾ ಸೇರಿಸಿದ ಬ್ಯಾಂಡು 1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನುಡಿಸಿತು, ಒಂದೇ ಮಧ್ಯಾಹ್ನಕ್ಕೆ ಹೆಸರಾಯಿತು. ಮೂರು ಆಲ್ಬಂ ಚೆನ್ನಾಗಿ ಓಡಿದವು. ಅದನ್ನೇ ಮುಂದುವರಿಸಬಹುದಿತ್ತು. ಅವರು ಕೊಲ್ಟ್ರೇನ್, ಮೈಲ್ಸ್ ಡೇವಿಸ್ ಥರದ ಜಾಝ್ ಕೇಳತೊಡಗಿದರು. 1972ರ 'ಕ್ಯಾರವಾನ್ಸರಾಯ್' ಬಂದಾಗ ರೇಡಿಯೋದಲ್ಲಿ ಓಡುವ ಹಾಡೇ ಅದರಲ್ಲಿ ಇಲ್ಲ ಅಂತ ರೆಕಾರ್ಡ್ ಕಂಪನಿಯವರು ತಲೆ ಮೇಲೆ ಕೈ ಹೊತ್ತರು. ಒಸಾಕಾದ ವೇದಿಕೆ ಮೇಲೆ ನಿಂತದ್ದು ಆ ಬ್ಯಾಂಡು. ಹಳೇ ಹಾಡು ಬೇಕು ಅನ್ನುವವರಿಗೆ ಹಳೇ ಹಾಡೂ ಕೊಟ್ಟರು, ಆದರೆ ಹೊಸ ಕಿವಿಯಿಂದ.

ಹೊಸಬ_07

ಒಂದು ಪ್ರಶ್ನೆ. ಮೊದಲ ಟ್ರ್ಯಾಕ್‌ನಲ್ಲಿ ಏನೂ ಕೇಳಿಸುತ್ತಿಲ್ಲ. ಫೈಲ್ ಹಾಳಾಗಿದೆಯಾ?

ತನಿಪ್ರಿಯ

ಹಾಳಾಗಿಲ್ಲ! ಅದರ ಹೆಸರೇ 'ಮೆಡಿಟೇಶನ್'. ಕಚೇರಿ ಶುರುವಾಗುವ ಮುಂಚೆ ಸಭಾಂಗಣ ಪೂರ್ತಿ ಸುಮ್ಮನೆ ಕೂತ ಹೊತ್ತು ಅದು. ಅದನ್ನು ಕತ್ತರಿಸದೆ ಆಲ್ಬಂಗೇ ಸೇರಿಸಿದ್ದಾರೆ. ನಾನೂ ಮೊದಲ ದಿನ ವಾಲ್ಯೂಮ್ ಜಾಸ್ತಿ ಮಾಡಿದೆ. ಆಮೇಲೆ 'ಗೋಯಿಂಗ್ ಹೋಮ್' ಶುರುವಾಯಿತು. ಆರ್ಗನ್ ಮೇಲೆ ನಿಧಾನವಾಗಿ ಏಳುವ ರಾಗ. ಚೆಕ್ ಸಂಗೀತಗಾರ ಡ್ವೋರ್ಜಾಕ್ ಅವರ 'ನ್ಯೂ ವರ್ಲ್ಡ್' ಸಿಂಫನಿಯ ನಿಧಾನದ ಭಾಗದಿಂದ ಬಂದದ್ದು. ಸುಮ್ಮನೆ ಕೂತ ಮೇಲೆ ಅದನ್ನು ಕೇಳಿದರೆ ಒಂದು ಥರ. ಆ ಮೌನ ಹಾರಿಸಿ ನೇರ ಅಲ್ಲಿಗೆ ಹೋದರೆ ಬೇರೆ ಥರ. ದಯವಿಟ್ಟು ಹಾರಿಸಬೇಡಿ.

ಬಸವನಗುಡಿ_ಕಿವಿ

ಆ ಮೌನಕ್ಕೆ ಒಂದು ಕಾರಣ ಇದೆ. ಸಂತಾನಾ ಆಗ ಆಧ್ಯಾತ್ಮಿಕ ಗುರು ಶ್ರೀ ಚಿನ್ಮಯ್ ಅವರ ಶಿಷ್ಯ. ಚಿನ್ಮಯ್ ಬಂಗಾಳದ ಚಿಟ್ಟಗಾಂಗ್ ಕಡೆಯವರು, ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಎರಡು ದಶಕ ಇದ್ದು 1964ರಲ್ಲಿ ನ್ಯೂಯಾರ್ಕಿಗೆ ಹೋದವರು. ಗಿಟಾರ್ ವಾದಕ ಜಾನ್ ಮೆಕ್ಲಾಫ್ಲಿನ್ ಅವರಿಗೆ 'ಮಹಾವಿಷ್ಣು' ಅಂತ ಹೆಸರು ಕೊಟ್ಟವರೂ ಅವರೇ, ಸಂತಾನಾ ಅವರಿಗೆ 'ದೇವದೀಪ' ಅಂತ ಕೊಟ್ಟವರೂ ಅವರೇ. ಇಬ್ಬರೂ ಸೇರಿ 'ಲವ್ ಡಿವೋಶನ್ ಸರೆಂಡರ್' ಆಲ್ಬಂ ಮಾಡಿದ್ದು ಇದೇ 1973ರಲ್ಲಿ. ಎಂಬತ್ತರ ದಶಕದ ಶುರುವಿನಲ್ಲಿ ಸಂತಾನಾ ಆ ಗುರುವನ್ನು ಬಿಟ್ಟು ಬಂದರು, ಅದು ಬೇರೆ ಕಥೆ. ಆದರೆ ಒಸಾಕಾದಲ್ಲಿ ಇದ್ದದ್ದು ತೋರಿಕೆ ಅಲ್ಲ ಅಂತ ನನ್ನ ನಂಬಿಕೆ. ಗಿಟಾರಿನ ಒಂದೊಂದು ಸ್ವರವನ್ನು ಎಳೆದು ನಿಲ್ಲಿಸುವುದು ಕೇಳಿ. ಅವಸರವೇ ಇಲ್ಲ.

ತನಿಪ್ರಿಯ

ನಿಜ. ಸರಿ, ಈಗ ನಾನು ಬರೆಯಬೇಕು ಅಂತ ಇದ್ದ ವಿಷಯಕ್ಕೆ ಬರುತ್ತೇನೆ. ಇದನ್ನು ಕೈಯಲ್ಲಿ ಮಾಡಿ ನೋಡಿ, ಓದಿದರೆ ಆಗಲ್ಲ.

ಕ್ಯೂಬಾದ ಸಂಗೀತಕ್ಕೆ ಒಂದು ಬೆನ್ನೆಲುಬು ಇದೆ, 'ಕ್ಲಾವೆ' ಅಂತಾರೆ. ಎರಡು ಗಟ್ಟಿ ಮರದ ಕೋಲು, ಒಂದಕ್ಕೊಂದು ತಾಗಿಸುವುದು, ಐದೇ ಪೆಟ್ಟು. ನಾನು ಅದನ್ನು ಹಿಡಿಯೋಕೆ ಒದ್ದಾಡುತ್ತಿದ್ದೆ. ಒಂದು ರಾತ್ರಿ ಊಟ ಆದ ಮೇಲೆ ಸ್ಟೀಲ್ ಲೋಟ ಮತ್ತು ಚಮಚ ಹಿಡಿದು ಕೂತೆ, ಮೃದಂಗದವರು ಬಾಯಲ್ಲಿ ಹೇಳುವ ಸೊಲ್ಲು ಹಾಕಿ ನೋಡಿದೆ. ಹೀಗೆ ಬಂತು:

ತಕಿಟ ತಕಿಟ ತಕದಿಮಿ ತಕ ತಕದಿಮಿ

ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಒಟ್ಟು 16. ಪ್ರತಿ ಸೊಲ್ಲಿನ ಮೊದಲ 'ತ' ಮಾತ್ರ ಲೋಟಕ್ಕೆ ಹೊಡೆಯಿರಿ. ಅದೇ ಕ್ಲಾವೆ!

ಈಗ ಇನ್ನೊಂದು ಕೈಯಲ್ಲಿ ಆದಿತಾಳ ಹಾಕಿ. ಎಂಟು ಎಣಿಕೆ: ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ತಟ್ಟು ಬೀಸು, ತಟ್ಟು ಬೀಸು (ಈ ತಟ್ಟು ಬೀಸಿನ ಜೋಡಿಯೇ ದ್ರುತ). ಒಂದು ಎಣಿಕೆಗೆ ಎರಡು ಅಕ್ಷರ ಬರಬೇಕು, ಆಗ ಒಂದು ಆವರ್ತಕ್ಕೆ ಸರಿಯಾಗಿ 16. ಮೊದಲ ಪೆಟ್ಟು ಸಮದಲ್ಲಿ, ಅಂದರೆ ಮೊದಲ ತಟ್ಟಿನ ಮೇಲೆ ಬೀಳುತ್ತೆ. ಎರಡನೆಯದು ಕಿರುಬೆರಳು ಇಟ್ಟ ಮೇಲೆ, ಉಂಗುರ ಬೆರಳು ಇಡುವ ಮುಂಚೆ. ಮೂರನೆಯದು ನಡುಬೆರಳಿನ ಮೇಲೆ. ನಾಲ್ಕನೆಯದು ಮೊದಲ ದ್ರುತದ ಬೀಸಿನ ಮೇಲೆ. ಐದನೆಯದು ಎರಡನೇ ದ್ರುತದ ತಟ್ಟಿನ ಮೇಲೆ. ಅಂದರೆ ಐದರಲ್ಲಿ ಒಂದೇ ಒಂದು ಪೆಟ್ಟು ಎಡೆಯಲ್ಲಿ ಬೀಳುತ್ತದೆ, ಆ ಕಿರುಬೆರಳು ಮತ್ತು ಉಂಗುರ ಬೆರಳಿನ ಮಧ್ಯದ್ದು. ಆ ಒಂದರಿಂದಲೇ ಇಡೀ ತಾಳ ಸೊಂಟ ತಿರುಗಿಸುತ್ತದೆ. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು, ಇದೇನು ಹೊಸ ಪಾಠನಾ ಅಂತ ಕೇಳಿದಳು.

ಹಳೇ_ರೆಕಾರ್ಡು

ಮೂರು ಸಲ ಪ್ರಯತ್ನ ಮಾಡಿದೆ. ಬಂತು! ನಲವತ್ತು ವರ್ಷದಿಂದ ಈ ಥರದ ಸಂಗೀತ ಕೇಳುತ್ತಿದ್ದೇನೆ, ಇದನ್ನು ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ. ಥ್ಯಾಂಕ್ಸ್ ತಮ್ಮಾ.

ಕರಾವಳಿ_ಜಾಝ್

ಚೆನ್ನಾಗಿದೆ ತನಿಪ್ರಿಯ ಅವರೇ. ಆದರೆ ಎರಡು ಮಾತು ಸೇರಿಸಲೇಬೇಕು, ಇಲ್ಲದಿದ್ದರೆ ಹೊಸಬರು ಎಲ್ಲಾ ಹಾಡಿಗೂ ಇದನ್ನೇ ಹಾಕೋಕೆ ಹೋಗುತ್ತಾರೆ.

ಒಂದು, ಕ್ಲಾವೆಯನ್ನು ಯಾವ ಅರ್ಧದಿಂದ ಶುರು ಮಾಡುವುದು ಎಂಬುದು ಹಾಡಿನಿಂದ ಹಾಡಿಗೆ ಬದಲಾಗುತ್ತದೆ. ಕೆಲವು ಹಾಡುಗಳಲ್ಲಿ ಮೂರು ಪೆಟ್ಟಿನ ಅರ್ಧ ಮೊದಲು, ಕೆಲವದರಲ್ಲಿ ಎರಡು ಪೆಟ್ಟಿನದು ಮೊದಲು. ತಪ್ಪು ಅರ್ಧ ಹಿಡಿದರೆ ಹಾಡಿನ ಜೊತೆ ಜಗಳ ಆಡಿದ ಹಾಗೆ ಕೇಳಿಸುತ್ತದೆ. ಎಷ್ಟೋ ಸಲ ಕೋಲು ಹಿಡಿದವರೇ ಬ್ಯಾಂಡಿನಲ್ಲಿ ಇರುವುದಿಲ್ಲ. ಎಲ್ಲರೂ ಅದನ್ನು ಒಳಗೆ ಇಟ್ಟುಕೊಂಡು ನುಡಿಸುತ್ತಾರೆ. ಇಲ್ಲಂತೂ ಶ್ರೀವ್ ರಾಕ್ ಮತ್ತು ಜಾಝ್ ಡ್ರಮ್ ನುಡಿಸುತ್ತಿರುವುದರಿಂದ ಕ್ಲಾವೆ ಬಹಳ ಕಡೆ ಸಡಿಲ ಆಗುತ್ತದೆ.

ಇನ್ನೊಂದು, 'ಲ್ಯಾಟಿನ್' ಅನ್ನುವುದು ಒಂದೇ ಊರಲ್ಲ. ಈ ಆಲ್ಬಂನ ಹಾಡುಗಳನ್ನೇ ನೋಡಿ. 'ಓಯೆ ಕೊಮೊ ವಾ' ತೀತೊ ಪುಯೆಂತೆ ಬರೆದ ಚಾಚಾಚಾ, ಕ್ಯೂಬಾದ ಕುಣಿತದ ಲಯ, ನ್ಯೂಯಾರ್ಕಿನಲ್ಲಿ ಬೆಳೆದದ್ದು. ಆದರೆ 'ಸ್ಟೋನ್ ಫ್ಲವರ್' ಬ್ರೆಜಿಲ್‌ನ ಜೋಬಿಮ್ ಅವರದು. 'ಷಿಬಾಬಾ' ಅಲ್ಲಿಯವರೇ ಆದ ಆಯಿರ್ತೊ ಮೊರೇರಾ ಅವರದು. 'ಬಟುಕಾಡಾ' ಅಂದರೇನೇ ಸಾಂಬಾದ ಬರೀ ತಾಳವಾದ್ಯಗಳ ಮೇಳ. ಇವಕ್ಕೆ ಬೇರೆ ನಡೆ. ಡೊಳ್ಳು ಕೇಳಿದವರು ಚೆಂಡೆಯನ್ನೂ ಅದೇ ಅಂದುಕೊಂಡರೆ ಹೇಗೆ, ಅಲ್ವಾ? ಈ ಬ್ಯಾಂಡಿನ ದೊಡ್ಡತನ ಏನಪ್ಪಾ ಅಂದರೆ, ಹವಾನಾದವರು, ನಿಕರಾಗುವಾದವರು, ಸ್ಯಾನ್ ಫ್ರಾನ್ಸಿಸ್ಕೋದವರು ಒಂದೇ ವೇದಿಕೆ ಮೇಲೆ ಕೂತು ಒಂದು ನಡೆಯಿಂದ ಇನ್ನೊಂದಕ್ಕೆ ನಿಲ್ಲದೆ ದಾಟುತ್ತಾರೆ. ಜಾಝ್ ಪಿಯಾನೊ ವಾದಕ ಚಿಕ್ ಕೊರಿಯಾ ಬರೆದ 'ಕಾಸ್ಟಿಯೋಸ್ ದೆ ಅರೇನಾ' ಎರಡು ಭಾಗ ಆಗಿ, ನಡುವೆ ಬೇರೆ ನಾಲ್ಕು ಹಾಡು ಬಂದು ಹೋಗುತ್ತವೆ ನೋಡಿ.

ತನಿಪ್ರಿಯ

ಒಪ್ಪಿದೆ. ನಾನು ಹೇಳಿದ್ದು ಬಾಗಿಲು ತೆಗೆಯುವ ಕೀಲಿ ಅಷ್ಟೇ.

ಆ ನಡುವಿನ ಭಾಗವೇ ನನಗೆ ಆಲ್ಬಂನ ಹೃದಯ. ಅಲ್ಲೇ 'ಕ್ಯೋಟೋ' ಇದೆ. ಶ್ರೀವ್ ಒಬ್ಬರದೇ ಸುಮಾರು ಹತ್ತು ನಿಮಿಷದ ಡ್ರಮ್. ವುಡ್‌ಸ್ಟಾಕ್‌ನಲ್ಲಿ ಇಪ್ಪತ್ತರ ಹುಡುಗನಾಗಿ ಹೊಡೆದು ಹೆಸರು ಮಾಡಿದವರು ನಾಲ್ಕು ವರ್ಷದಲ್ಲಿ ಎಷ್ಟು ದೂರ ಬಂದಿದ್ದಾರೆ ಅಂತ ಇಲ್ಲಿ ಗೊತ್ತಾಗುತ್ತೆ. ಇಲ್ಲಿ ಅವರು ಬಿಡುತ್ತಾರೆ. ಜಾಗ ಬಿಡುತ್ತಾರೆ. ನನ್ನ ಗುರುಗಳು ಹೇಳುತ್ತಿದ್ದರು, ಕೈ ಎಲ್ಲಿ ಎತ್ತಬೇಕು ಅನ್ನೋದು ಮೊದಲು ಕಲಿ, ಎಲ್ಲಿ ಹೊಡೆಯಬೇಕು ಅನ್ನೋದು ತಾನಾಗಿ ಬರುತ್ತೆ ಅಂತ. ನನಗೆ ಅದು ಆಗ ತಲೆಗೆ ಹೋಗಿರಲಿಲ್ಲ.

ಪೆರಾಜಾ ಅವರ ಬಾಂಗೊ ಕೂಡ ಹಾಗೇ. ಸ್ವಲ್ಪ ಹೆಡ್‌ಫೋನ್ ಹಾಕಿ ಕೇಳಿ. ಬೆರಳ ತುದಿ ಚರ್ಮಕ್ಕೆ ತಾಗಿದ್ದು ಬೇರೆ, ಅಂಗೈ ತಾಗಿದ್ದು ಬೇರೆ, ಅಂಚಿಗೆ ಬಿದ್ದದ್ದು ಬೇರೆ. ಖಂಜಿರ ಒಳ್ಳೆಯವರ ಕೈಯಲ್ಲಿ ಮಾತಾಡುತ್ತಲ್ಲ, ಹಾಗೆ.

ಬಸವನಗುಡಿ_ಕಿವಿ

ತಾಳವಾದ್ಯ ಮತ್ತು ಜಾಝ್ ಅಂದ ಕೂಡಲೇ ನಮ್ಮ ಬೆಂಗಳೂರಿನ ಹೆಸರು ಹೇಳದಿದ್ದರೆ ತಪ್ಪಾಗುತ್ತೆ. 'ಕರ್ನಾಟಕ ಕಾಲೇಜ್ ಆಫ್ ಪರ್ಕಶನ್'. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಕಟ್ಟಿದ್ದು, ಅರವತ್ತರ ದಶಕದಲ್ಲಿ. ಅವರು ಮತ್ತು ಗಾಯಕಿ ಆರ್.ಎ. ರಮಾಮಣಿ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರಲ್ಲಿ 'ಜ್ಯೋತಿ' ಆಲ್ಬಂ ಮಾಡಿದರು. ಮರಿಯಾನೊ ನಾದಸ್ವರ ಕೂಡ ಕಲಿತವರು. 'ಲೋಟಸ್' ಹಿಡಿಸಿದವರು ಅದನ್ನೂ ಕೇಳಿ. ಅಬ್ಬರ ಇಲ್ಲ, ತಂಪಾಗಿದೆ.

ಸಂತಾನಾ 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಬಂದಾಗ ನಾನು ಹೋಗಿದ್ದೆ. ಎಲ್ಲರ ಫೋನು ಗಿಟಾರ್ ಕಡೆ ತಿರುಗಿತ್ತು. ನಾನೂ ಹಾಗೇ ಮಾಡಿದೆ. ಈ ಆಲ್ಬಂ ಆಗ ಕೇಳಿದ್ದಿದ್ದರೆ ಎಡಗಡೆ ಬಲಗಡೆ ನಿಂತ ತಾಳದವರನ್ನು ನೋಡುತ್ತಿದ್ದೆ ಅಂತ ಈಗ ಅನಿಸುತ್ತೆ.

ಒಸಾಕಾ_ಕನ್ನಡತಿ

ಈ ಚರ್ಚೆ ನೋಡಿ ಖಾತೆ ತೆರೆದೆ. ನಾನು ಒಸಾಕಾದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. 'ಲೋಟಸ್' ಧ್ವನಿಮುದ್ರಣ ಆದ ಸಭಾಂಗಣದ ಹೆಸರು ಒಸಾಕಾ ಕೋಸೇನೆನ್‌ಕಿನ್ ಕೈಕಾನ್. ಶಿನ್‌ಮಾಚಿ ಅನ್ನುವ ಬಡಾವಣೆಯಲ್ಲಿದೆ. ಈಗ ಅದನ್ನು ನವೀಕರಿಸಿ ಓರಿಕ್ಸ್ ಥಿಯೇಟರ್ ಅಂತ ಕರೆಯುತ್ತಾರೆ. 2012ರಿಂದ ಆ ಹೆಸರು. ನಾನು ವಾರಕ್ಕೆ ಎರಡು ಸಲವಾದರೂ ಅದರ ಮುಂದೆ ನಡೆದು ಹೋಗುತ್ತೇನೆ. ಎದುರಿಗೇ ಪಾರ್ಕ್ ಇದೆ, ಮಕ್ಕಳು ಆಡುತ್ತಿರುತ್ತಾರೆ. ಇಲ್ಲಿ ಇಂಥದ್ದೊಂದು ನಡೆದಿತ್ತು ಅಂತ ಗೊತ್ತೇ ಇರಲಿಲ್ಲ.

ಇಲ್ಲಿಯ ಪ್ರೇಕ್ಷಕರ ಬಗ್ಗೆ ಒಂದು ಮಾತು. ಹಾಡು ನಡೆಯುವಾಗ ಉಸಿರು ಬಿಗಿ ಹಿಡಿದು ಕೇಳುತ್ತಾರೆ, ಮುಗಿದ ಮೇಲೆ ಚಪ್ಪಾಳೆ. ಮೌನವಾಗಿ ಕೂರಿ ಅಂದರೆ ನಿಜಕ್ಕೂ ಮೌನ. ಆ ಮೊದಲ ಟ್ರ್ಯಾಕ್ ಬೇರೆ ಊರಲ್ಲಿ ಇಷ್ಟು ಚೆನ್ನಾಗಿ ಬರುತ್ತಿತ್ತಾ ಅಂತ ಯೋಚನೆ ಬಂತು. ಮೈಲ್ಸ್ ಡೇವಿಸ್ ಅವರ 'ಅಘಾರ್ತಾ' ಮತ್ತು 'ಪಂಗೇಯಾ' ಎರಡೂ ಇದೇ ಊರಿನ ಫೆಸ್ಟಿವಲ್ ಹಾಲ್‌ನಲ್ಲಿ 1975ರ ಫೆಬ್ರವರಿ 1ರಂದು, ಮಧ್ಯಾಹ್ನ ಒಂದು ರಾತ್ರಿ ಒಂದು, ಧ್ವನಿಮುದ್ರಣ ಆದವು. ಇದೂ ನನಗೆ ನಿನ್ನೆ ಗೊತ್ತಾದದ್ದು.

ಇನ್ನೊಂದು, ಕೊನೆಯ ಭಾಗದಲ್ಲಿ ಬರುವ 'ಮಿಸ್ಟರ್ ಉಡೋ' ಅನ್ನುವ ಹೆಸರು ಯಾರದು ಅಂತ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ಸೇಜಿರೊ ಉಡೋ, ವಿದೇಶಿ ಬ್ಯಾಂಡುಗಳನ್ನು ಜಪಾನಿಗೆ ಕರೆಸುತ್ತಿದ್ದ ಸಂಘಟಕರು. ಕರೆಸಿದವರ ಹೆಸರನ್ನೇ ಹಾಡಿಗೆ ಇಟ್ಟಿದ್ದಾರೆ. ಅಷ್ಟು ವಿಶ್ವಾಸ ಇದ್ದಿರಬೇಕು.

ಹಳೇ_ರೆಕಾರ್ಡು

ಅಮ್ಮಾ, ಆ ಕಟ್ಟಡ ಇನ್ನೂ ನಿಂತಿದೆಯಾ! ನಾನು ಕೆಡವಿರುತ್ತಾರೆ ಅಂದುಕೊಂಡಿದ್ದೆ. ಒಂದು ಫೋಟೋ ಹಾಕಿ ದಯವಿಟ್ಟು. ಬರೀ ಬಾಗಿಲು ಸಾಕು.

ಒಸಾಕಾ_ಕನ್ನಡತಿ

ಖಂಡಿತ ಅಂಕಲ್. ಈಗ ಮಳೆಗಾಲ, ಬಿಸಿಲು ಬಂದ ದಿನ ತೆಗೆದು ಹಾಕ್ತೀನಿ.

ಹೊಸಬ_07

ಯಾವ ಪ್ರತಿ ತಗೊಳ್ಳೋದು?

ಕರಾವಳಿ_ಜಾಝ್

ಸುಮ್ನೆ ಕೇಳೋಕೆ ಆದರೆ ಸ್ಟ್ರೀಮಿಂಗ್‌ನಲ್ಲಿ ಇರುವುದು ಸಾಕು. ಬಹಳ ಕಾಲ ಇದು ಅಮೆರಿಕದಲ್ಲೇ ಸರಿಯಾಗಿ ಸಿಗುತ್ತಿರಲಿಲ್ಲ, ಅಲ್ಲಿ ಸಿ.ಡಿ. ಬಂದದ್ದು 1991ರಲ್ಲಿ. ಕಲೆಹಾಕುವ ಆಸೆ ಇದ್ದರೆ 2017ರಲ್ಲಿ ಜಪಾನಿನಲ್ಲಿ ಬಂದ ಮೂರು ತಟ್ಟೆಗಳ ಆವೃತ್ತಿ ನೋಡಿ. ಮೊದಲು ಬಿಟ್ಟಿದ್ದ ಏಳು ಹಾಡುಗಳನ್ನೂ ಸೇರಿಸಿದ್ದಾರೆ. ದುಬಾರಿ, ಮೊದಲೇ ಹೇಳಿರುತ್ತೇನೆ.

ಮೊದಲ ಸಲ ಕೇಳುವಾಗ ಒಂದೇ ಏಟಿಗೆ ಎರಡು ಗಂಟೆ ಬೇಡ. ನಡುವೆ ಕೀಬೋರ್ಡ್ ಇಬ್ಬರದು, ಟಾಮ್ ಕಾಸ್ಟರ್ ಮತ್ತು ರಿಚರ್ಡ್ ಕರ್ಮೋಡ್, ಸ್ವಲ್ಪ ಉದ್ದ ಎಳೆಯುತ್ತೆ. ನನಗೂ ಅಲ್ಲಿ ಗಮನ ಜಾರುತ್ತದೆ. ಎಲ್‌ಪಿ ಕಾಲದಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಎದ್ದು ಹೋಗಿ ತಟ್ಟೆ ತಿರುಗಿಸಬೇಕಿತ್ತು, ಹಾಗೇ ಕೇಳಿ. ಒಂದು ಮಗ್ಗುಲು, ಒಂದು ಲೋಟ ನೀರು, ಮತ್ತೆ ಇನ್ನೊಂದು ಮಗ್ಗುಲು.

ಗಿಟಾರ್_ಶಿವಮೊಗ್ಗ

ಮೂರನೇ ಸಲ ಶುರು ಮಾಡಿದೆ. ಈ ಸಲ ಹೆಡ್‌ಫೋನ್ ಹಾಕಿ, ಗಿಟಾರ್ ಕಡೆ ಗಮನ ಕೊಡಬಾರದು ಅಂತ ಹಟ ಹಿಡಿದು. ರಾತ್ರಿ ಹನ್ನೊಂದಕ್ಕೆ ಕೂತವನು ಒಂದೂ ಕಾಲಿಗೆ ಎದ್ದೆ.

'ಬ್ಲ್ಯಾಕ್ ಮ್ಯಾಜಿಕ್ ವುಮನ್' ವಿಷಯದಲ್ಲಿ ನನ್ನ ಮಾತು ಅದೇ. ಬದಲಾಗಿಲ್ಲ. ಆದರೆ 'ನೆಶಾಬುರ್' ವಿಷಯದಲ್ಲಿ ನಾನು ತಪ್ಪು ಹೇಳಿದ್ದೆ. ಮಧ್ಯದಲ್ಲಿ ಹಾಡು ಕಳೆದು ಹೋಗಿರಲಿಲ್ಲ. ಗಿಟಾರ್ ತಾಳಕ್ಕೆ ಜಾಗ ಕೊಟ್ಟು ಹಿಂದೆ ಸರಿದಿತ್ತು, ನಾನು ಅದನ್ನೇ ಹುಡುಕುತ್ತಿದ್ದೆ. ಅದು ನಿಧಾನಕ್ಕೆ ತಿರುಗಿ ಬಂದು ಆ ಶಾಂತ ಭಾಗಕ್ಕೆ ಇಳಿಯುತ್ತಲ್ಲ, ಅಲ್ಲಿ ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ. ಎದ್ದು ನನ್ನ ಗಿಟಾರ್ ತಗೊಂಡು ಅದನ್ನೇ ಹುಡುಕಿದೆ. ಸ್ವರ ಸಿಕ್ಕಿತು, ಅಷ್ಟು ಹೊತ್ತು ನಿಲ್ಲಿಸೋಕೆ ಆಗಲಿಲ್ಲ.

ತನಿಪ್ರಿಯ ಅವರೇ, ನಿಮ್ಮ ಲೋಟ ಚಮಚದ ಪಾಠ ಬೆಳಿಗ್ಗೆ ಬಸ್ಸಿನಲ್ಲಿ ತೊಡೆ ಮೇಲೆ ಮಾಡಿದೆ. ನಾಲ್ಕು ಪೆಟ್ಟು ಸರಿ ಬೀಳುತ್ತಿವೆ. ಆ ಕಿರುಬೆರಳು ಉಂಗುರ ಬೆರಳಿನ ಮಧ್ಯದ್ದು ಇನ್ನೂ ಉಂಗುರ ಬೆರಳಿನ ಮೇಲೇ ಹೋಗಿ ಕೂರುತ್ತಿದೆ. ಏನು ಮಾಡಲಿ?

ತನಿಪ್ರಿಯ

ನಿಧಾನ ಮಾಡಿ. ಇನ್ನೂ ನಿಧಾನ. ಬಾಯಲ್ಲಿ ಸೊಲ್ಲು ಬಿಡಬೇಡಿ, ಕೈ ಅದರ ಹಿಂದೆ ಬರುತ್ತೆ. ಸಂಜೆ ಫೋನ್ ನಂಬರ್ ಮೆಸೇಜ್ ಮಾಡಿ, ನೀವು ತಾಳ ಹಾಕಿ, ನಾನು ಲೋಟ ಹೊಡೀತೀನಿ.